ಬಕೆಟ್ಟಿನ ಎರಡನೆಯ ಬಾಳು

ಕೂಡಿಡುವ ಪಾತ್ರೆ ಬೇರೆ, ಸಾಗಿಸುವ ಪಾತ್ರೆ ಬೇರೆ ಎಂಬುದು ನಮ್ಮ ಹಿರಿಯರ ಕ್ರಮವಾಗಿತ್ತು. ರಾಗಿಗೆ ಹಗೇವು, ಬತ್ತಕ್ಕೆ ಕಣಜ, ನೀರಿಗೆ ಗುಡಾಣ. ಇವು ಇಟ್ಟಲ್ಲಿಂದ ಕದಲುವುವಲ್ಲ. ಹೊತ್ತೊಯ್ಯಲು ಗೋಣಿಚೀಲ, ಬುಟ್ಟಿ, ಕೊಡ. ಎರಡು ಕೆಲಸಕ್ಕೂ ಒಂದೇ ಪಾತ್ರೆಯೆಂದು ಮೊದಲು ಸೀಮೆಎಣ್ಣೆಯ ತಗಡಿನ ಡಬ್ಬವೂ ಅನಂತರ ಮುಚ್ಚಳವುಳ್ಳ ಪ್ಲಾಸ್ಟಿಕ್ ಬಕೆಟ್ಟೂ ಬಂದವು.

1953ರಲ್ಲಿ ಜರ್ಮನಿಯ ಕಾರ್ಲ್ ಜೀಗ್ಲರ್ ಕಡಿಮೆ ಒತ್ತಡದಲ್ಲಿಯೇ ಗಟ್ಟಿ ಪಾಲಿಥೀನ್ ತಯಾರಿಸುವ ವಿಧಾನವನ್ನು ಕಂಡುಹಿಡಿದರು. ಇಂದಿನ ಅನೇಕ ಬಕೆಟ್ಟುಗಳು ಆ ಜಾತಿಯ ಪ್ಲಾಸ್ಟಿಕ್ಕಿನವು. ಅವುಗಳ ಆಕಾರವನ್ನು ಗಮನಿಸಿರಿ. ಬಾಯಿ ಅಗಲ, ತಳ ಕಿರಿದು. ಆದುದರಿಂದ ಬರಿದಾದವು ಒಂದರೊಳಗೊಂದು ಕೂರುತ್ತವೆ. ಮುಚ್ಚಳದ ಅಂಚು ಎತ್ತರವಾಗಿರುವುದರಿಂದ ತುಂಬಿದವು ಒಂದರ ಮೇಲೊಂದು ಜಾರದೆ ನಿಲ್ಲುತ್ತವೆ. 20 ಲೀಟರು ನೀರಿನ ತೂಕ 20 ಕಿಲೋ. ಒಬ್ಬ ಆಳು ಎತ್ತಬಹುದಾದಷ್ಟು.

ಸಾಮಾನು ಖಾಲಿಯಾದೊಡನೆ ಬಕೆಟ್ಟಿಗೆ ಮನೆಯಲ್ಲಿ ಎರಡನೆಯ ಬಾಳು ಆರಂಭವಾಗುತ್ತದೆ. ಇಲ್ಲಿಯೇ ಎಚ್ಚರಿಕೆ ಅಗತ್ಯ. ಹುಣಸೂರು, ಪಿರಿಯಾಪಟ್ಟಣಗಳು ಹೊಗೆಸೊಪ್ಪಿನ ಸೀಮೆ, ಕೃಷ್ಣರಾಜನಗರ ಬತ್ತದ್ದು, ಹೆಗ್ಗಡದೇವನಕೋಟೆಯಲ್ಲಿ ಹತ್ತಿಯೂ ಉಂಟು. ಈ ಬೆಳೆಗಳಿಗೆ ಕೀಟನಾಶಕ ಹೊಡೆಯುವವರು ಅದನ್ನು ಕಲಸಿದ ಬಕೆಟ್ಟನ್ನೋ, ಅದು ಬಂದ ಡಬ್ಬವನ್ನೋ ತೊಳೆದು ನೀರಿಗೆ ಇಟ್ಟುಕೊಂಡರೆ ಅಪಾಯ ತಪ್ಪಿದ್ದಲ್ಲ. ಉಪ್ಪಿನಕಾಯಿ ತುಂಬಿದ್ದ ಪ್ಲಾಸ್ಟಿಕ್ ಡಬ್ಬದ ವಾಸನೆ ಎಷ್ಟು ತೊಳೆದರೂ ಹೋಗುವುದಿಲ್ಲವೆಂಬುದನ್ನು ಬಲ್ಲಿರಷ್ಟೆ? ಎಣ್ಣೆಯಂಥ ದ್ರವಗಳನ್ನು ಪ್ಲಾಸ್ಟಿಕ್ ಸ್ವಲ್ಪ ಹೀರಿಕೊಂಡು, ಮುಂದೆ ಮೆಲ್ಲಮೆಲ್ಲನೆ ಬಿಡುತ್ತದೆ. ವಿಷಕ್ಕೆ ವಾಸನೆಯೂ ಇರಬೇಕೆಂದೇನಿಲ್ಲ.

ಕೀಟನಾಶಕದ ಚೀಟಿಯ ಮೇಲೆ ಬಣ್ಣದ ತ್ರಿಕೋನವೊಂದಿರುತ್ತದೆ. ಕೆಂಪು ಅತಿ ಘೋರ ವಿಷಕ್ಕೆ. ಹಳದಿ, ನೀಲಿ, ಹಸಿರು ಕ್ರಮವಾಗಿ ಅದಕ್ಕಿಂತ ಕಡಿಮೆಯವಕ್ಕೆ. ಹಸಿರೆಂದರೆ ನಿರಪಾಯವೆಂದು ಅರ್ಥವಲ್ಲ. ಇಂಥ ಡಬ್ಬಗಳನ್ನು ಮತ್ತೆ ಬಳಸಲಾಗದಂತೆ ಒಡೆದು, ವಸತಿಯಿಂದ ದೂರ ಹೂಳಬೇಕೆಂದು 1971ರ ಕೀಟನಾಶಕ ನಿಯಮಗಳು ವಿಧಿಸಿವೆ. ಬಣ್ಣ ಬಂದ ಬಕೆಟ್ಟು ಗಾರೆಗೆ, ಗೊಬ್ಬರಕ್ಕೆ ಆದೀತು. ಕುಡಿಯುವ ನೀರಿಗೂ ಹಿಟ್ಟಿಗೂ ಸಲ್ಲದು. ಆಹಾರ ತಂದ ಬಕೆಟ್ಟು ಮಾತ್ರ ಆಹಾರಕ್ಕೆ ಯೋಗ್ಯ.

ನಮ್ಮಲ್ಲಿ ಬಹುಮಂದಿ ಬೇಸಾಯಗಾರರ ಮನೆಯಿಂದ ಬಂದವರು. ಈ ರಜೆಯಲ್ಲಿ ಊರಿಗೆ ಹೋದಾಗ ಬಚ್ಚಲಿನ, ಕೊಟ್ಟಿಗೆಯ ಬಕೆಟ್ಟುಗಳನ್ನು ಒಮ್ಮೆ ನೋಡಿ, ಅವು ಮೊದಲು ಏನನ್ನು ಹೊತ್ತು ಬಂದವೆಂದು ವಿಚಾರಿಸಿರಿ. ಮನೆಯಲ್ಲಿ ಚೀಟಿ ಓದಬಲ್ಲವರು ನಾವೇ ಆಗಿದ್ದರೆ, ಓದಿ ಹೇಳುವ ಹೊಣೆಯೂ ನಮ್ಮದೇ.