ಬಂಡೆ ಸುಮ್ಮನಿರುತ್ತದೆ, ಪಂಪ್‌ಸೆಟ್ ಸುಮ್ಮನಿದ್ದೀತೇ?

ಸಾಣಾಪುರದ ಗುಡ್ಡದಂಥ ಬಂಡೆಗಳು, ಭತ್ತದ ಗದ್ದೆ, ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಕೆರೆ. ಕ್ಯಾಮೆರಾ ಎತ್ತ ತಿರುಗಿಸಿದರೂ ಚೆಂದ. ಆದರೆ ಕಿವಿಯ ಕಥೆಯೇ ಬೇರೆ. ನಾಯಕಿ ಗುಟ್ಟು ಹೇಳುವ ಹೊತ್ತಿಗೇ ಪಂಪ್‌ಸೆಟ್ ಗುಡುಗುತ್ತದೆ, ಗಂಗಾವತಿ ಬಸ್ಸು ಹಾರ್ನ್ ಹೊಡೆಯುತ್ತದೆ, ಹರಿಗೋಲಿನಲ್ಲಿ ಕೂತವರು ಕೇಕೆ ಹಾಕುತ್ತಾರೆ.

“ಅದಕ್ಕೇನ್ರೀ, ಆಮ್ಯಾಲೆ ಡಬ್ಬಿಂಗ್ ಮಾಡ್ಕೋತಾರ” ಎನ್ನುತ್ತೀರಾ? ನಮ್ಮ ಚಿತ್ರರಂಗ ದಶಕಗಟ್ಟಲೆ ನಡೆದದ್ದೇ ಹಾಗೆ. ಆಗಿನ ಹೊರಾಂಗಣ ಕ್ಯಾಮೆರಾಗಳೇ ಹೊಲಿಗೆ ಮಷಿನ್ನಿನಂತೆ ಗರಗುಟ್ಟುತ್ತಿದ್ದವು. ಈಗಿನ ಕ್ಯಾಮೆರಾಗಳಿಗೆ ಸದ್ದು ಕಡಿಮೆ. 2001ರ ‘ಲಗಾನ್’ ಕಛ್ ಬಯಲಲ್ಲೇ ಮಾತು ಹಿಡಿದು, ಧ್ವನಿಗ್ರಹಣಕ್ಕೆ ರಾಷ್ಟ್ರಪ್ರಶಸ್ತಿ ಪಡೆಯಿತು. 2015ರಲ್ಲಿ ಲೊಕಾರ್ನೋ ಚಿತ್ರೋತ್ಸವದಲ್ಲಿ ಗೆದ್ದ ‘ತಿಥಿ’ಯಲ್ಲಿ ಮಂಡ್ಯ ಸೀಮೆಯ ಹಳ್ಳಿಗರೇ ನಟರು, ಅವರ ಮಾತೇ ಸಂಭಾಷಣೆ. ನಮ್ಮ ಕಡೆಯ ಅಜ್ಜನೊಬ್ಬ ತೆರೆಯ ಮೇಲೆ ಬಂದರೆ, ಅವನ ಬಾಯಿಂದ ಕೊಪ್ಪಳದ ಮಾತೇ ಬರಬೇಕೋ, ಬೆಂಗಳೂರಿನ ಯಾರದೋ ದನಿಯೋ? ಸ್ಥಳದಲ್ಲೇ ಮಾತು ಹಿಡಿಯುವುದರಿಂದ ನಮಗಾಗುವ ಲಾಭ ಇದು.

ಉಪಾಯಗಳುಂಟು

ಮೊದಲ ಉಪಾಯ ಸರಳ: ಮೈಕು ಬಾಯಿಗೆ ಹತ್ತಿರವಿರಲಿ. ಬಯಲಿನಲ್ಲಿ ಮೈಕು ಎರಡರಷ್ಟು ದೂರ ಹೋದರೆ ಮಾತಿನ ದನಿ 6 ಡೆಸಿಬಲ್ ಕುಗ್ಗುತ್ತದೆ. ಸುತ್ತಲಿನ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಗಾಳಿ ಬಡಿಯದಂತೆ ಮೈಕಿಗೆ ತುಪ್ಪಳದ ಚೀಲ ತೊಡಿಸುತ್ತಾರೆ. ಜನರೇಟರನ್ನು ದೂರದ ಬಂಡೆಯ ಹಿಂದೆ ಇಟ್ಟರೆ ಬಂಡೆಯೇ ಗೋಡೆ. ಅದೇ ಬಂಡೆ ನಟನ ಬೆನ್ನಿಗಿದ್ದರೆ ಮಾತು ಪ್ರತಿಧ್ವನಿಸುತ್ತದೆ. ಆಗ ಕ್ಯಾಮೆರಾಕ್ಕೆ ಕಾಣದ ಕಡೆ ದಪ್ಪ ಕಂಬಳಿ ತೂಗುಹಾಕಬೇಕು. ಎಲ್ಲರೂ ಸುಮ್ಮನಿದ್ದು ಆ ಜಾಗದ ಬರಿಯ ಸದ್ದನ್ನೇ ಅರ್ಧ ನಿಮಿಷ ಹಿಡಿದಿಟ್ಟರೆ, ಮುಂದೆ ಮಾತಿಗೆ ಮಾತು ಜೋಡಿಸುವಾಗ ತೇಪೆ ಗೊತ್ತಾಗುವುದಿಲ್ಲ.

ಆದರೆ ಮಾತಿನ ನಡುವೆಯೇ ಬಂದ ಹಾರ್ನನ್ನು, ಮಾತು ಕೆಡದಂತೆ ಪೂರಾ ತೆಗೆಯುವುದು ಯಾವ ಯಂತ್ರಕ್ಕೂ ಕಷ್ಟ.

ಊರಿನ ಪಾಲು

ಇಲ್ಲಿಗೆ ಮಾತು ನಮ್ಮ ಅಂಗಡಿ ಬಾಗಿಲಿಗೆ ಬಂತು. “ಸೈಲೆನ್ಸ್!” ಎಂದು ಕೂಗುವುದು ಸುಲಭ. ಅಷ್ಟು ಹೊತ್ತು ಜ್ಯೂಸ್ ಅಂಗಡಿಯವನ ಮಿಕ್ಸಿ ನಿಲ್ಲಬೇಕು, ಹರಿಗೋಲು ದಡ ಸೇರಬೇಕು, ಕರೆಂಟಿದ್ದಾಗಲೇ ನೀರು ಹಾಯಿಸುವ ರೈತ ಮೋಟರು ಆರಿಸಬೇಕು. ಇದನ್ನು ಪುಕ್ಕಟೆ ಕೇಳುವುದು ನ್ಯಾಯವೇ? ಹಿಂದಿನ ದಿನವೇ ಬಂದು, ಬಸ್ಸಿನ ವೇಳೆ, ಕರೆಂಟಿನ ವೇಳೆ ವಿಚಾರಿಸಿ, ನಿಂತ ವ್ಯಾಪಾರಕ್ಕೆ ಇಷ್ಟೆಂದು ಕೊಟ್ಟರೆ ಯಾರು ಬೇಡ ಎಂದಾರು? ಲೈಟಿಗೆ, ಜನರೇಟರಿಗೆ ಬಾಡಿಗೆ ಉಂಟು. ಊರಿನ ಮೌನಕ್ಕೂ ಒಂದು ಬಾಡಿಗೆ ಇರಲಿ.

ಬಸ್ ಚಾಲಕರಿಗೂ ಒಂದು ವಿನಂತಿ. ಬೂಮ್ ಕೋಲು ಹಿಡಿದು ನಿಂತವರು ಕಂಡರೆ, ದಾರಿ ಖುಲ್ಲಾ ಇದ್ದಲ್ಲಿ ಹಾರ್ನ್ ಬಿಡ್ರೆಪ್ಪಾ. ಆ ಮೈಕಿನೊಳಗೆ ನಮ್ಮೂರ ಅಜ್ಜನ ಮಾತೇ ಇದ್ದೀತು.