ಮೊದಲು ಮುಚ್ಚಳ ನೋಡಿ
ಧಾರವಾಡದಲ್ಲಿರುವ ಅವ್ವನಿಗೆ ಕಿವಿ ಮಂದ. ಭಾನುವಾರ ರಾತ್ರಿ ಪುಣೆಯಿಂದ ನಾನು ವಿಡಿಯೊ ಕರೆ ಮಾಡಿದಾಗ ತುಟಿ ನೋಡಿಯೇ ಅರ್ಧ ಮಾತು ತಿಳಿದುಕೊಳ್ಳುತ್ತಾಳೆ. ಕಳೆದ ವಾರ ಲ್ಯಾಪ್‌ಟಾಪಿನ ಕ್ಯಾಮೆರಾ ಕೈಕೊಟ್ಟಿತು. ‘ಯಾಕಪಾ, ನಿನ್ನ ಮಾರಿ ಕಾಣವಲ್ದು’ ಎಂದಳು. ನಾನು ಹೇಳಿದ್ದು ಅವಳಿಗೆ ತಿಳಿಯಲಿಲ್ಲ.

ಐಟಿಯವನೆಂಬ ಹಮ್ಮಿನಲ್ಲಿ ಕರೆ ನಿಲ್ಲಿಸಿ, ನೇರವಾಗಿ ಡ್ರೈವರ್ ತೆಗೆದು ಹಾಕಿ ರೀಸ್ಟಾರ್ಟ್ ಮಾಡಿದೆ. ಅರ್ಧ ಗಂಟೆ ಹೋಯಿತು. ಚಿತ್ರ ಮಾತ್ರ ಕಪ್ಪು.

ಸುಲಭದ್ದರಿಂದ ಶುರು ಮಾಡಬೇಕಿತ್ತು. ಕ್ಯಾಮೆರಾದ ದೀಪ ಉರಿಯುತ್ತಿದ್ದೂ ಚಿತ್ರ ಕಪ್ಪಾಗಿದ್ದರೆ, ಮೊದಲು ಅದರ ಮೇಲಿನ ಪುಟ್ಟ ಮುಚ್ಚಳ ನೋಡಿ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಕೀಬೋರ್ಡಿನ ಒಂದು ಕೀ ಕೂಡ ಕ್ಯಾಮೆರಾ ಬಂದ್ ಮಾಡುತ್ತದೆ. ‘ಕ್ಯಾಮೆರಾ ಬಳಕೆಯಲ್ಲಿದೆ’ ಎಂಬ ಸಂದೇಶ ಬಂದರೆ ಬೇರೆ ಆ್ಯಪ್ ಅದನ್ನು ಹಿಡಿದುಕೊಂಡಿರುತ್ತದೆ, ಅದನ್ನು ಮುಚ್ಚಿ. ವಿಂಡೋಸ್‌ನ ಕ್ಯಾಮೆರಾ ಆ್ಯಪ್‌ನಲ್ಲಿ ಮುಖ ಕಂಡು ಕರೆಯಲ್ಲಿ ಕಾಣದಿದ್ದರೆ ಅನುಮತಿ ಪರೀಕ್ಷಿಸಿ. ವಿಂಡೋಸ್ 11ರಲ್ಲಿ ಅದು ಸೆಟ್ಟಿಂಗ್ಸ್‌ನ ‘ಪ್ರೈವಸಿ ಆ್ಯಂಡ್ ಸೆಕ್ಯುರಿಟಿ’ಯೊಳಗೆ ‘ಕ್ಯಾಮೆರಾ’ ಎಂಬಲ್ಲಿದೆ. ಬ್ರೌಸರಿನ ಅನುಮತಿ ಬೇರೆ. ಅದು ವೆಬ್ ವಿಳಾಸದ ಪಕ್ಕದಲ್ಲೇ ಸಿಗುತ್ತದೆ. ಕರೆಯ ಆ್ಯಪ್‌ನಲ್ಲಿ ಸರಿಯಾದ ಕ್ಯಾಮೆರಾ ಆರಿಸಿದೆಯೇ ಎಂದೂ ನೋಡಿ. ಡ್ರೈವರ್ ಕೊನೆಯ ಮಾತು.

ನನ್ನ ತೊಂದರೆ ಮುಚ್ಚಳದ್ದೇ. ಶುಕ್ರವಾರ ಆಫೀಸ್ ಮೀಟಿಂಗಿನಲ್ಲಿ ಮುಖ ತೋರಿಸಲು ಬೇಸರವಾಗಿ ನಾನೇ ಸರಿಸಿ ಮರೆತಿದ್ದೆ. ತೆರೆದು ಮತ್ತೆ ಕರೆ ಮಾಡುವಷ್ಟರಲ್ಲಿ ಅವ್ವ ಮಲಗಿದ್ದಳು.

ಪಕ್ಕದಲ್ಲೇ ಮೊಬೈಲ್ ಇತ್ತು. ಕ್ಯಾಮೆರಾ ಕೆಟ್ಟರೆ ಮೊದಲು ಅದರಿಂದ ಮಾತು ಮುಗಿಸಿ; ರಿಪೇರಿ ಆಮೇಲೆ.