ಆಮೆಯ ಬೆನ್ನ ಮೇಲೆ ಏನಿದೆ?

ಅಕ್ಕತಂಗಿಯರೇ, ಆಮೆಯನ್ನು ನೀವೆಲ್ಲ ನೋಡಿದ್ದೀರಿ. ಕೆರೆಯ ಏರಿ ಮೇಲೆ ಬಿಸಿಲು ಕಾಯಿಸುತ್ತಾ ಕೂತಿರುತ್ತದೆ. ನಾಟಿ ಮಾಡುವಾಗ ಗದ್ದೆಯ ಕೆಸರಿನಲ್ಲಿ ಕಾಲಿಗೆ ಸಿಗುತ್ತದೆ. ಹಳೇ ಬಾವಿಯಲ್ಲಿ ತಲೆ ಎತ್ತಿ ಉಸಿರು ತಗೊಂಡು ಮತ್ತೆ ಮುಳುಗುತ್ತದೆ. ಕೆಲವು ದೇವಸ್ಥಾನಗಳ ನೆಲದಲ್ಲಿ ಕಲ್ಲಿನ ಆಮೆಯೂ ಇದೆ. ಕೂರ್ಮಾವತಾರದ ಕಥೆಯಂತೂ ಎಲ್ಲರಿಗೂ ಗೊತ್ತು.

ಆಮೆ ಬೆನ್ನ ಮೇಲೆ ಮನೆ ಹೊತ್ತು ತಿರುಗುತ್ತದೆ ಅಂತ ಮಕ್ಕಳಿಗೆ ಹೇಳುವುದುಂಟು. ಕೇಳಲು ಚೆಂದ. ಆಗ ಮಗು ಕೇಳುತ್ತದೆ: "ಅಮ್ಮಾ, ಅದು ಮನೆ ಬಿಟ್ಟು ಹೊರಗೆ ಬರಲ್ವಾ? ಚಿಪ್ಪು ತೆಗೆದರೆ ಒಳಗೆ ಏನಿರುತ್ತೆ?" ತುಂಟ ಹುಡುಗರು ಕೇಳಿ ಸುಮ್ಮನಿರುವುದಿಲ್ಲ. ಕಲ್ಲು ತಗೊಂಡು ಕುಟ್ಟಿ ನೋಡುತ್ತಾರೆ. ದೊಡ್ಡವರೂ ಕಡಿಮೆಯಿಲ್ಲ. ಚಿಪ್ಪಿನ ಅಂಚಿಗೆ ತೂತು ಕೊರೆದು ಹಗ್ಗ ಕಟ್ಟುವವರಿದ್ದಾರೆ. "ಚಿಪ್ಪು ತಾನೇ, ಅದಕ್ಕೇನು ನೋವು" ಅಂತಾರೆ.

ನೋವಾಗುತ್ತದೆ. ಯಾಕೆ ಅಂತ ನೋಡೋಣ.

ಒಂದು ಕೆಲಸ ಮಾಡಿ. ಎರಡೂ ಕೈ ನಿಮ್ಮ ಪಕ್ಕೆಯ ಮೇಲೆ ಇಡಿ. ಜೋರಾಗಿ ಉಸಿರು ಎಳೆದುಕೊಳ್ಳಿ. ಎದೆ ಹಿಗ್ಗಿತಲ್ಲವೇ? ಬೆರಳಿಗೆ ಸಿಗುವ ಆ ಮೂಳೆಗಳೇ ಪಕ್ಕೆಲುಬು. ಅವು ಬೆನ್ನುಮೂಳೆಯಿಂದ ಹೊರಟು ಎದೆಯ ಕಡೆಗೆ ಬಾಗಿ ಬಂದಿವೆ, ಬುಟ್ಟಿ ಹೆಣೆದ ಹಾಗೆ. ಆ ಬುಟ್ಟಿಯೊಳಗೆ ನಮ್ಮ ಗುಂಡಿಗೆ, ಶ್ವಾಸಕೋಶ ಜೋಪಾನವಾಗಿ ಕೂತಿವೆ.

ಆಮೆಗೂ ಪಕ್ಕೆಲುಬು ಉಂಟು. ಆದರೆ ಮರಿ ಮೊಟ್ಟೆಯೊಳಗೆ ಬೆಳೆಯುವಾಗ ಅವು ಎದೆಯ ಕಡೆ ಬಾಗುವುದಿಲ್ಲ. ಕೊಡೆಯ ಕಡ್ಡಿಗಳ ಹಾಗೆ ಬೆನ್ನಿನ ಎರಡೂ ಕಡೆಗೆ ಹರಡುತ್ತವೆ. ಬೆನ್ನಿನ ಚರ್ಮದೊಳಗೆ ಸೇರಿ ಅಗಲವಾಗುತ್ತವೆ. ಒಂದರ ಪಕ್ಕ ಒಂದು ಕೂಡಿಕೊಳ್ಳುತ್ತವೆ. ಬೆನ್ನುಮೂಳೆಯೂ ಅವುಗಳ ಜೊತೆ ಬೆಸೆದುಕೊಳ್ಳುತ್ತದೆ. ಹೀಗೆ ಆದದ್ದೇ ಮೇಲಿನ ಚಿಪ್ಪು. ಹೊಟ್ಟೆಯ ಕೆಳಗೆ ಚಪ್ಪಟೆಯಾದ ಇನ್ನೊಂದು ಚಿಪ್ಪು ಇದೆ. ಎರಡೂ ಪಕ್ಕದಲ್ಲಿ ಸೇರಿಕೊಂಡಿವೆ. ಎಲ್ಲ ಸೇರಿ ಸುಮಾರು 50ರಿಂದ 60 ಮೂಳೆ.

ಕೆಲವು ಕಾಲೇಜುಗಳಲ್ಲಿ, ವಸ್ತು ಸಂಗ್ರಹಾಲಯಗಳಲ್ಲಿ ಸತ್ತ ಆಮೆಯ ಒಣ ಚಿಪ್ಪು ಇಟ್ಟಿರುತ್ತಾರೆ. ಅದನ್ನು ಮಗುಚಿ ಒಳಗೆ ನೋಡಬೇಕು. ಹಳೇ ಹೆಂಚಿನ ಮನೆಯಲ್ಲಿ ನಿಂತು ಮೇಲೆ ನೋಡಿದ ಹಾಗಿರುತ್ತದೆ. ನಡುವೆ ಉದ್ದಕ್ಕೆ ತೊಲೆಯ ಹಾಗೆ ಬೆನ್ನುಮೂಳೆ. ಆ ಕಡೆ ಈ ಕಡೆ ಜಂತೆಯ ಹಾಗೆ ಪಕ್ಕೆಲುಬು. ಒಮ್ಮೆ ನೋಡಿದರೆ ಸಾಕು, "ಆಮೆ ಹೊರಗೆ ಬರುತ್ತದೆಯೇ" ಅನ್ನೋ ಪ್ರಶ್ನೆ ಮುಗಿಯಿತು. ನಾವು ನಮ್ಮ ಬೆನ್ನುಮೂಳೆ ಬಿಟ್ಟು ಹೊರಗೆ ಬರುತ್ತೇವಾ?

ಇನ್ನೊಂದು ಸೋಜಿಗ ಇದೆ. ನಮ್ಮ ಹೆಗಲಿನ ಹಿಂದೆ ರೆಕ್ಕೆಯಂಥ ಅಗಲ ಮೂಳೆ ಇದೆಯಲ್ಲ, ಅದು ಪಕ್ಕೆಲುಬಿನ ಹೊರಗಿದೆ. ಹಸು, ನಾಯಿ, ಕೋಳಿ ಎಲ್ಲಕ್ಕೂ ಹಾಗೇ. ಆಮೆಗೆ ಮಾತ್ರ ಆ ಮೂಳೆ ಪಕ್ಕೆಲುಬಿನ ಒಳಗಿದೆ. ಬೆನ್ನುಮೂಳೆ ಇರುವ ಬೇರೆ ಯಾವ ಪ್ರಾಣಿಗೂ ಹೀಗಿಲ್ಲ.

ಇದು ಇವತ್ತು ನಿನ್ನೆಯ ಏರ್ಪಾಟಲ್ಲ. 2008ರಲ್ಲಿ ಚೀನಾ ದೇಶದಲ್ಲಿ ಸಿಕ್ಕ ಬಹು ಹಳೆಯ ಆಮೆಯ ಬಗ್ಗೆ ವಿಜ್ಞಾನಿಗಳು ಬರೆದರು. ಅದು ಕಲ್ಲಾಗಿ ಉಳಿದಿತ್ತು. ಸುಮಾರು 22 ಕೋಟಿ ವರ್ಷದ ಹಿಂದಿನದು. ಅದಕ್ಕೆ ಹೊಟ್ಟೆಯ ಚಿಪ್ಪು ಪೂರ್ತಿ ಇತ್ತು. ಬೆನ್ನ ಮೇಲೆ ಚಿಪ್ಪಿರಲಿಲ್ಲ, ಅಗಲವಾದ ಪಕ್ಕೆಲುಬು ಮಾತ್ರ ಇದ್ದವು. ಬಾಯಲ್ಲಿ ಹಲ್ಲೂ ಇದ್ದವು! ಈಗಿನ ಆಮೆಗಳಿಗೆ ಹಲ್ಲಿಲ್ಲ.

ಈಗ ಮೇಲೆ ಕಾಣುವ ಬಿಲ್ಲೆಗಳ ವಿಷಯಕ್ಕೆ ಬರೋಣ. ಇವು ಮೂಳೆಯಲ್ಲ, ಮೂಳೆಯ ಮೇಲಿನ ಹೊದಿಕೆ. ನಮ್ಮ ಉಗುರು, ದನದ ಕೊಂಬು ಯಾವುದರಿಂದ ಆಗಿವೆಯೋ ಬಿಲ್ಲೆಯೂ ಅಂಥದ್ದರಿಂದಲೇ ಆಗಿದೆ. ಗಾರೆ ಕೆಲಸಕ್ಕೆ ಹೋಗುವ ಅಕ್ಕಂದಿರಿಗೆ ಒಂದು ಮಾತು. ಇಟ್ಟಿಗೆ ಕಟ್ಟುವಾಗ ಸಂದಿನ ಮೇಲೆ ಸಂದು ಬರಬಾರದು ಅಂತ ಮೇಸ್ತ್ರಿ ಹೇಳುತ್ತಾರಲ್ಲ? ಆಮೆಯ ಬೆನ್ನಲ್ಲೂ ಹಾಗೇ. ಬಿಲ್ಲೆಯ ಸಂದು ಒಂದು ಕಡೆ, ಕೆಳಗಿನ ಮೂಳೆಯ ಸಂದು ಇನ್ನೊಂದು ಕಡೆ. ಅದಕ್ಕೇ ಅಷ್ಟು ಗಟ್ಟಿ.

ಉಗುರಿನ ತುದಿ ಕತ್ತರಿಸಿದರೆ ನಮಗೆ ನೋವಿಲ್ಲ. ಉಗುರಿನ ಕೆಳಗೆ ಮುಳ್ಳು ಚುಚ್ಚಿದರೆ? ಜೀವ ಹೋದ ಹಾಗಾಗುತ್ತದೆ. ಬಿಲ್ಲೆಯ ಕೆಳಗೆ ಜೀವ ಇರುವ ಮೂಳೆ ಇದೆ. ಅದರಲ್ಲಿ ರಕ್ತ ಓಡುತ್ತದೆ, ನರಗಳಿವೆ. ಚಿಪ್ಪನ್ನು ಮುಟ್ಟಿದರೆ ಆಮೆಗೆ ತಿಳಿಯುತ್ತದೆ. ಒಡೆದರೆ ರಕ್ತ ಬರುತ್ತದೆ. ತೂತು ಕೊರೆಯುವುದು ಅಂದರೆ ಮೂಳೆಗೇ ಕೊರೆದ ಹಾಗೆ.

"ಹಾವು ಪೊರೆ ಬಿಡುವ ಹಾಗೆ ಆಮೆ ಹಳೇ ಚಿಪ್ಪು ಬಿಡಲ್ವಾ ಟೀಚರ್?" ಅಂತ ಕಲಿಕಾ ಕೇಂದ್ರದಲ್ಲಿ ಕೇಳುತ್ತಾರೆ. ಬಿಡುವುದಿಲ್ಲ. ಮರಿ ಬೆಳೆದ ಹಾಗೆ ಚಿಪ್ಪೂ ಬೆಳೆಯುತ್ತದೆ. ಕೆಲವು ನೀರಾಮೆಗಳ ಬಿಲ್ಲೆಯಿಂದ ತೆಳ್ಳನೆ ಪದರ ಉದುರುತ್ತದೆ, ಅಷ್ಟೇ. ಮೂಳೆ ಅಲ್ಲೇ ಇರುತ್ತದೆ.

ಹಾಗಾದರೆ ಆಮೆ ಉಸಿರಾಡುವುದು ಹೇಗೆ? ಅದರ ಪಕ್ಕೆಲುಬು ಅಲ್ಲಾಡುವುದಿಲ್ಲವಲ್ಲ! ಚಿಪ್ಪಿನೊಳಗೆ ಹೊಟ್ಟೆಯ ಸುತ್ತ, ಕಾಲಿನ ಬುಡದಲ್ಲಿ ಮಾಂಸದ ಪಟ್ಟಿಗಳಿವೆ. ಅವು ಬಿಗಿಯಾಗಿ, ಸಡಿಲವಾಗಿ ಗಾಳಿಯನ್ನು ಎಳೆದು ಬಿಡುತ್ತವೆ. ತಿದಿ ಒತ್ತಿದ ಹಾಗೆ.

ಎಲ್ಲ ಆಮೆಯ ಚಿಪ್ಪೂ ಒಂದೇ ಥರ ಇಲ್ಲ. ನಮ್ಮ ಕೆರೆ, ಗದ್ದೆಗಳಲ್ಲಿ ಸಿಗುವ ಒಂದು ಆಮೆಗೆ ಬಿಲ್ಲೆಯೇ ಇಲ್ಲ. ಮೂಳೆಯ ಮೇಲೆ ನುಣುಪಾದ ಚರ್ಮ ಇದೆ. ಹಿಂಗಾಲು ಒಳಗೆ ಎಳೆದುಕೊಂಡರೆ ಮುಚ್ಚಿಕೊಳ್ಳಲು ಕೆಳಗೆ ಎರಡು ಮುಚ್ಚಳ ಇವೆ. ಬೇಸಿಗೆಯಲ್ಲಿ ಕೆರೆ ಬತ್ತಿದರೆ ಮಣ್ಣಲ್ಲಿ ಹುದುಗಿ ಮಳೆಗೆ ಕಾಯುತ್ತದೆ. ಉತ್ತರ ಕನ್ನಡದ ಹೊನ್ನಾವರದ ಕಡೆ ಕಡಲ ದಂಡೆಗೆ ಮೊಟ್ಟೆ ಇಡಲು ಬರುವ ಕಡಲಾಮೆ ಬೇರೆ. ಅದು ತಲೆ, ಕಾಲುಗಳನ್ನು ಚಿಪ್ಪಿನೊಳಗೆ ಎಳೆದುಕೊಳ್ಳಲಾರದು. ಈಜುವುದಕ್ಕೆ ಅನುಕೂಲವಾಗಿ ಅದರ ಚಿಪ್ಪು ಚಪ್ಪಟೆ, ಕಾಲು ಹುಟ್ಟಿನ ಹಾಗೆ. ನಾಯಿಯೋ ನರಿಯೋ ಬಂದರೆ ಬಚ್ಚಿಟ್ಟುಕೊಳ್ಳಲು ಆಗುವುದಿಲ್ಲ.

ನಕ್ಷತ್ರ ಆಮೆ ಒಣ ಸೀಮೆಯದು. ಕುರುಚಲು ಕಾಡು, ಹುಲ್ಲು ಇರುವ ಕಡೆ ಇರುತ್ತದೆ. ಬೆನ್ನ ಮೇಲೆ ನಕ್ಷತ್ರದ ಹಾಗೆ ಹಳದಿ ಗೆರೆಗಳು. ಆ ಚೆಲುವೇ ಅದಕ್ಕೆ ಶತ್ರುವಾಗಿದೆ. ಮನೆಯಲ್ಲಿಟ್ಟರೆ ದುಡ್ಡು ಬರುತ್ತದೆ ಅಂತ ನಂಬಿಸಿ ಮಾರುತ್ತಾರೆ. ತಂದವರು ಅದಕ್ಕೆ ಅನ್ನ, ಬ್ರೆಡ್ಡು ಹಾಕಿ ಕತ್ತಲ ಮೂಲೆಯಲ್ಲಿ ಇಡುತ್ತಾರೆ. ಅದು ತಿನ್ನಬೇಕಾದದ್ದು ಹುಲ್ಲು, ಸೊಪ್ಪು. ಬೇಕಾದದ್ದು ಬಿಸಿಲು. ಸುಣ್ಣದ ಅಂಶ, ಬಿಸಿಲು ಎರಡೂ ಸಿಗದ ಮಕ್ಕಳ ಕಾಲು ಸೊಟ್ಟಗಾಗುವುದನ್ನು ಕೇಳಿದ್ದೀರಿ. ಆಮೆಗೆ ಚಿಪ್ಪೇ ಮೂಳೆ. ಅದರ ಚಿಪ್ಪು ಮೆತ್ತಗಾಗುತ್ತದೆ, ಡೊಂಕಾಗುತ್ತದೆ. ಹೀಗೆ ನವೆದು ಸಾಯುವ ಆಮೆ ಯಾರ ಮನೆಗೆ ಯಾವ ಭಾಗ್ಯ ತರುತ್ತದೋ, ನಮಗಂತೂ ತಿಳಿಯದು!

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ನಕ್ಷತ್ರ ಆಮೆಯನ್ನು ಹಿಡಿಯುವುದು, ಸಾಕುವುದು, ಮಾರುವುದು ಅಪರಾಧ. ಜೈಲಾಗುತ್ತದೆ. ಕೆರೆಯ ಆ ಚರ್ಮದ ಆಮೆಗೂ ಕಡಲಾಮೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. 2019ರಲ್ಲಿ ಬೇರೆ ಬೇರೆ ದೇಶಗಳು ಸೇರಿ, ಕಾಡಿನಿಂದ ಹಿಡಿದ ನಕ್ಷತ್ರ ಆಮೆಯನ್ನು ದೇಶದಿಂದ ದೇಶಕ್ಕೆ ಮಾರುವುದನ್ನೂ ನಿಷೇಧಿಸಿದವು.

ಮನೆಯಲ್ಲಿ ಇಟ್ಟುಕೊಂಡದ್ದನ್ನು ಪುಣ್ಯ ಬರಲಿ ಅಂತ ದೇವಸ್ಥಾನದ ಕಲ್ಯಾಣಿಗೆ ಬಿಡಲು ಹೋಗಬೇಡಿ. ನಕ್ಷತ್ರ ಆಮೆ ನೆಲದ ಆಮೆ. ಈಜಲು ಬಾರದು, ನೀರಲ್ಲಿ ಮುಳುಗಿ ಸಾಯುತ್ತದೆ. ಅರಣ್ಯ ಇಲಾಖೆಯವರಿಗೆ ಒಪ್ಪಿಸಬೇಕು. ರಸ್ತೆ ದಾಟುತ್ತಿರುವ ಆಮೆ ಕಂಡರೆ ಎರಡೂ ಕೈಯಿಂದ ಚಿಪ್ಪಿನ ಪಕ್ಕ ಹಿಡಿದು, ಅದು ಯಾವ ಕಡೆಗೆ ಹೊರಟಿತ್ತೋ ಆ ಕಡೆಗೇ ದಾಟಿಸಿ. ವಾಪಸು ಬಿಟ್ಟರೆ ಮತ್ತೆ ರಸ್ತೆಗೇ ಬರುತ್ತದೆ.

ಗಾಡಿ ಹರಿದು ಚಿಪ್ಪು ಬಿರುಕು ಬಿಟ್ಟಿದ್ದರೆ ಸತ್ತೇಹೋಯಿತು ಅಂತ ಎಸೆಯಬೇಡಿ. ಅರಿಶಿನ, ಸುಣ್ಣ, ಅಂಟು ಏನನ್ನೂ ಮೆತ್ತಬೇಡಿ. ನೀರಲ್ಲೂ ಬಿಡಬೇಡಿ. ಗಾಳಿಯಾಡುವ ಡಬ್ಬದಲ್ಲಿ ಒಣ ಬಟ್ಟೆ ಹಾಸಿ ಇಡಿ. ಅರಣ್ಯ ಇಲಾಖೆಗೋ ದನದ ಆಸ್ಪತ್ರೆಗೋ ಬೇಗ ತಿಳಿಸಿ. ಬಿರುಕಿನ ಎರಡೂ ಕಡೆ ಸೇರಿಸಿ ಕಟ್ಟಿದರೆ ನಮ್ಮ ಮುರಿದ ಕೈ ಕೂಡುವ ಹಾಗೆ ಅದರ ಚಿಪ್ಪೂ ಕೂಡುತ್ತದೆ. ಆದರೆ ನಮ್ಮಷ್ಟು ಬೇಗ ಅಲ್ಲ. ತಿಂಗಳುಗಟ್ಟಲೆ ಹಿಡಿಯುತ್ತದೆ, ಕೆಲವು ಸಲ ವರ್ಷದ ಮೇಲೂ ಆಗುತ್ತದೆ.